ಏಳನೇ ತಿಂಗಳ ಗೊಂಬೆ

ಶಾಲಾ ಸಮವಸ್ತ್ರ ಹೊಲಿಯುವ ಆಕೆಯ ಕೊರಳಲ್ಲಿ ಊಟ ಮಾಡುವಾಗಲೂ ಅಳತೆಯ ಟೇಪು ನೇತಾಡುತ್ತಿತ್ತು. ಹಾಗಾಗಿ ಬೀದಿಗೆಲ್ಲ ಆಕೆ ಟೇಪಕ್ಕ. ವಯಸ್ಸು ನಲವತ್ತೆರಡು. ಮಕ್ಕಳಿರಲಿಲ್ಲ.

ಅಂಗಡಿಯ ಮೇಲಿನ ಮಹಡಿಯಲ್ಲಿ ಶಿಶುಪಾಲನೆ ಕಲಿಸುವ ಕೇಂದ್ರವೊಂದು ಶುರುವಾಯಿತು. ಒಂದು ದಿನ ಅಲ್ಲಿನ ಟೀಚರ್ ಹಾಳೆಯೊಂದನ್ನು ಹಿಡಿದು ಇಳಿದುಬಂದರು. ಬಸಿರಿನ ಮೂರನೇ ತಿಂಗಳಿಂದ ಒಂಬತ್ತರವರೆಗೆ, ತಿಂಗಳಿಗೊಂದರಂತೆ ಏಳು ಬಟ್ಟೆಗೊಂಬೆ ಬೇಕಾಗಿದ್ದವು. ಉದ್ದ, ತೂಕ ಎರಡೂ ಸರಿಯಾಗಿರಬೇಕು.

“ಚಿತ್ರ ನೋಡಿದ್ರೆ ನಮ್ಮ ಹುಡುಗೀರಿಗೆ ಅಂದಾಜೇ ಸಿಗಲ್ಲ. ಕೈಯಲ್ಲಿ ಎತ್ಕೊಂಡು ನೋಡ್ಲಿ,” ಎಂದರು.

“ಬಿಗಿಯಾಯ್ತು, ಸಡಿಲ ಆಯ್ತು ಅಂತ ಜಗಳಕ್ಕೆ ಬರೋ ಗಿರಾಕಿಗಳಲ್ಲ. ಕೊಡಿ,” ಎಂದು ಟೇಪಕ್ಕ ನಕ್ಕಳು.

ಮೂರನೇ ತಿಂಗಳಿನದು ಬೆರಳುದ್ದ. ಐದನೇ ತಿಂಗಳಿನದಕ್ಕೆ ಹತ್ತಿಯ ಜೊತೆ ಮರಳು ತುಂಬಬೇಕಾಯಿತು. ಆರನೆಯದಕ್ಕೆ ಹುಬ್ಬು ಹೊಲಿದಳು. ಏಳನೇ ತಿಂಗಳಿನದು ಒಂದು ಕಿಲೋ. ತಕ್ಕಡಿಯಿಂದ ಎತ್ತಿಕೊಳ್ಳುವಾಗ ಕೈ ತಾನಾಗಿಯೇ ಅದರ ಕತ್ತಿನಡಿ ಹೋಯಿತು.

ಹದಿನೆಂಟು ವರ್ಷದ ಹಿಂದೆ ಆಕೆಗೆ ಏಳನೇ ತಿಂಗಳಲ್ಲೇ ಹೆರಿಗೆಯಾಗಿತ್ತು. ಮಗು ಉಸಿರಾಡಲಿಲ್ಲ. ಮನಸ್ಸಿಗೆ ಹಚ್ಚಿಕೊಂಡಾಳೆಂದು ಹಿರಿಯರು ಅದನ್ನು ತೋರಿಸಲೇ ಇಲ್ಲ. ಬಟ್ಟೆಯಲ್ಲಿ ಸುತ್ತಿ ಒಯ್ದವನು ಗಂಡ. ಆಮೇಲೆ ಇಬ್ಬರೂ ಆ ಮಾತೆತ್ತಿರಲಿಲ್ಲ.

ಲಾರಿ ರಿಪೇರಿ ಮಾಡುವ ಗಂಡ ಮಧ್ಯಾಹ್ನ ಊಟಕ್ಕೆ ಬಂದಾಗ ಆಕೆ ಗೊಂಬೆಯನ್ನು ಎದೆಗೊತ್ತಿಕೊಂಡೇ ಕೂತಿದ್ದಳು.

“ರೀ, ನೀವು ಎತ್ಕೊಂಡಿದ್ರಲ್ಲ. ಇಷ್ಟೇ ಭಾರ ಇತ್ತಾ?”

ಅವನು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿ, ಸಾಲದೆಂದು ಸೋಪು ಹಾಕಿ ತೊಳೆದು ಬಂದು ಗೊಂಬೆಯನ್ನು ತೆಗೆದುಕೊಂಡ.

“ಇಷ್ಟೇ. ಇನ್ನೂ ಬೆಚ್ಚಗಿತ್ತು ಕಣೇ.”

ಇಬ್ಬರೂ ಊಟಕ್ಕೆ ಕೂತಾಗ ಮೂರು ಗಂಟೆ ದಾಟಿತ್ತು.

ಗೊಂಬೆಗಳನ್ನು ಒಪ್ಪಿಸಲು ಹೋದಾಗ ಟೇಪಕ್ಕ ಅಳುಕುತ್ತಲೇ ಕೇಳಿದಳು: “ಏಳು ತಿಂಗಳಿಗೆ ಅದಕ್ಕೆ ಏನಾದ್ರೂ ಗೊತ್ತಾಗುತ್ತಾ ಟೀಚರ್?”

“ಕಿವಿ ಕೇಳ್ಸುತ್ತೆ. ಅಮ್ಮನ ದನಿ ಅಂತೂ ಚೆನ್ನಾಗೇ ಕೇಳ್ಸುತ್ತೆ.”

“ನಾನು ಮೊದಲೇ ಬಾಯಿಬಡುಕಿ. ಮಷಿನ್ ತುಳೀತಾ ದಿನವಿಡೀ ಅದರ ಜೊತೆ ಮಾತಾಡ್ತಿದ್ದೆ.”

ಟೀಚರಿಗೆ ವಿಷಯ ಅರ್ಥವಾಯಿತು. ಆಕೆಯ ಕೈ ಹಿಡಿದು, “ಹಾಗಾದ್ರೆ ಕೇಳಿಸ್ಕೊಂಡಿರುತ್ತೆ ಅಕ್ಕಾ,” ಎಂದರು.

ಟೇಪಕ್ಕ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತಳು. ಸೆರಗಿನಲ್ಲಿ ಮೂಗೊರೆಸಿಕೊಂಡು, “ಇನ್ನೂ ಏನೇನಿದೆ ನಿಮ್ಮ ಪುಸ್ತಕದಲ್ಲಿ?” ಎಂದಳು.

ಸೋಮವಾರದಿಂದ ಅದೇ ಕೇಂದ್ರದ ಕೊನೆಯ ಬೆಂಚಿನಲ್ಲಿ ಕೂತಳು. ಬಸುರಿಯ ಊಟ, ನಿದ್ದೆ, ಎಳೆಗೂಸಿನ ಅಳುವಿನ ಬಗೆಗಳು, ಎಲ್ಲವನ್ನೂ ಬರೆದುಕೊಂಡಳು. ಹುಟ್ಟಿದ ಕೂಸಿಗೆ ಎತ್ತಿಕೊಂಡವರ ಮುಖದಷ್ಟು ದೂರ ಮಾತ್ರ ಸ್ಪಷ್ಟವಾಗಿ ಕಾಣುತ್ತದೆಂದು ಓದಿದ ದಿನ ಪುಟ ತಿರುವಲು ಮನಸ್ಸು ಬರಲಿಲ್ಲ. ಮೊದಲ ಸಲ ಪರೀಕ್ಷೆಯಲ್ಲಿ ಡುಮ್ಕಿ. ಎರಡನೇ ಸಲ ಗಂಡ ಲಾರಿಯಡಿ ಮಲಗಿಕೊಂಡೇ ಪ್ರಶ್ನೆ ಕೇಳತೊಡಗಿದ. ಮಗು ಯಾವಾಗ ಬೋರಲು ಬೀಳುತ್ತದೆ, ಯಾವಾಗ ಅಂಬೆಗಾಲಿಡುತ್ತದೆ ಎಂಬುದು ಇಡೀ ಗ್ಯಾರೇಜಿಗೆ ಬಾಯಿಪಾಠವಾಯಿತು. ಟೇಪಕ್ಕ ಪಾಸಾದಳು.

ಈಗ ಬೆಳಿಗ್ಗೆ ಕಾರ್ಖಾನೆಯೊಂದರ ಶಿಶುಕೋಣೆಯಲ್ಲಿ ಕೆಲಸಗಾರರ ಮಕ್ಕಳ ಆರೈಕೆ, ಸಂಜೆ ಹೊಲಿಗೆ. ಮೊನ್ನೆ ಒಬ್ಬ ಎಳೆಯ ಅಪ್ಪ ನಾಲ್ಕು ತಿಂಗಳ ಮಗಳನ್ನು ಗಾಜಿನ ಸಾಮಾನಿನ ಹಾಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

“ಬೀಳಿಸಿಬಿಡ್ತೀನಿ ಅಂತ ಭಯ ಅಕ್ಕಾ. ಬೇಗ ತಗೊಳ್ಳಿ.”

“ತಗೊಳ್ಳಲ್ಲ. ಒಳಗೆ ಬಾ, ಕೂತ್ಕೋ,” ಎಂದು ಟೇಪಕ್ಕ ಅವನ ತೋಳನ್ನು ಮಗುವಿನ ಬೆನ್ನಿಗೆ ಸರಿಯಾಗಿ ಆನಿಸಿದಳು. “ಈಗ ಏನಾದ್ರೂ ಮಾತಾಡು.”

ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಅಂದು ಕೆಲಸಕ್ಕೆ ತಡವಾಗಿ ಹೋದ.