ಗೋತ್ರದ ಜಾಗ ಖಾಲಿ ಇರಲಿ

ನಮ್ಮ ಊರಿನ ದೇವಸ್ಥಾನದಲ್ಲಿ ಹೂವಿನ ಪೂಜೆಗೆ ನಿಂತರೆ ಭಟ್ರು ಸಂಕಲ್ಪಕ್ಕೆ ಯಾವಾಗಲೂ ಒಂದೇ ಕ್ರಮದಲ್ಲಿ ಕೇಳುತ್ತಾರೆ. ಹೆಸರು, ಗೋತ್ರ, ನಕ್ಷತ್ರ, ರಾಶಿ. ಮದುವೆಯಾಗಿ ಕಿರಿಮಂಜೇಶ್ವರದ ಹತ್ತಿರದ ಈ ಮನೆಗೆ ಬಂದಾಗಿನಿಂದ ನಾನು ಹೆಸರು ಹೇಳುತ್ತೇನೆ, ಗೋತ್ರ ಎಂದಾಗ ಸುಮ್ಮನಿರುತ್ತೇನೆ. ನಮ್ಮದು ತಾಯಿಯ ಕಡೆಯಿಂದ ಬರುವ ಬಳಿ, ಅಂದರೆ ತಾಯಿಯ ಕುಲ. ಮದುವೆ ಮಾತುಕತೆಯಲ್ಲಿ ಬಳಿ ಯಾವುದೆಂದು ಕೇಳುತ್ತಾರೆಯೇ ಹೊರತು ಸಂಕಲ್ಪದಲ್ಲಿ ಹೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಕೆಲವು ಕಡೆ ಭಟ್ರು ತಾವೇ ಕಾಶ್ಯಪ ಗೋತ್ರ ಎಂದು ಸೇರಿಸಿಬಿಡುತ್ತಾರೆ. ನಮ್ಮ ಭಟ್ರು ಹಾಗಲ್ಲ. ಒಂದು ಉಸಿರಿನಷ್ಟು ಹೊತ್ತು ಕಾಯುತ್ತಾರೆ, ತಲೆ ಆಡಿಸುತ್ತಾರೆ, "ನಕ್ಷತ್ರ?" ಎನ್ನುತ್ತಾರೆ. ನಾನು ರೋಹಿಣಿ ಎನ್ನುತ್ತೇನೆ. ನಾನು ಯಾರೆಂದು ದೇವರಿಗೆ ಗೊತ್ತಿದೆ, ಅಷ್ಟು ಸಾಕು ನನಗೆ.

ಆ ಸುಮ್ಮನಿರುವುದೇ ಒಂದು ದಿನ ನನ್ನ ಸೊಸೆಯ ಕೆಲಸ ತಪ್ಪಿಸುವುದರಲ್ಲಿತ್ತು.

ಸೊಸೆ ಬ್ರಹ್ಮಾವರದ ಹುಡುಗಿ. ಕಂಪ್ಯೂಟರ್ ಓದಿದವಳು, ಮಣಿಪಾಲದಲ್ಲಿ ಒಂದು ಆಫೀಸಿಗೆ ಹೋಗುತ್ತಿದ್ದಳು. ಮಗು ಹುಟ್ಟಿದ ಮೇಲೆ ಬಿಟ್ಟಳು. ಆಮೇಲೆ ಎರಡು ಕಡೆ ಕೇಳಿದಳು, ಎರಡೂ ಕಡೆ "ಇಷ್ಟು ವರ್ಷ ಎಂತ ಮಾಡ್ತಿದ್ರಿ?" ಎಂದರಂತೆ. ಅವತ್ತಿನಿಂದ ಲ್ಯಾಪ್‌ಟಾಪನ್ನು ಸೀರೆಗಳ ಅಡಿಯಲ್ಲಿ ಇಟ್ಟುಬಿಟ್ಟಿದ್ದಳು. ನನಗೆ ಅದೊಂದು ಕಣ್ಣಿಗೆ ಚುಚ್ಚುತ್ತಿತ್ತು.

ದೇವಸ್ಥಾನದ ಕೌಂಟರಿನಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಸೇವೆಯ ರಶೀದಿ ಅದರಲ್ಲೇ. ಕೌಂಟರಿನವರು ಅದನ್ನು ಬಿಡಲು ಒಪ್ಪುವುದಿಲ್ಲ, ಅದು ಕೆಡುವುದೂ ಇಲ್ಲ. ಆದರೆ ಸಾಮೂಹಿಕ ಪೂಜೆಯಲ್ಲಿ ಭಟ್ರು ನೋಡಿ ಓದುವ ಸಂಕಲ್ಪದ ಚೀಟಿ ಗಾಳಿಗೆ ಹಾರುತ್ತದೆ, ತೀರ್ಥಕ್ಕೆ ಒದ್ದೆಯಾಗುತ್ತದೆ. ಭಟ್ರ ಎದುರಿಗೆ ಒಂದು ಪರದೆ ಇಟ್ಟು ಅದರಲ್ಲೇ ಎಲ್ಲರ ಹೆಸರು ಬರುವಂತೆ ಮಾಡಬೇಕೆಂದು ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "ನಮ್ಮ ಸೊಸೆ ಮಾಡ್ತ್ಳ್" ಎಂದುಬಿಟ್ಟೆ. ಅವಳನ್ನು ಕೇಳಿರಲಿಲ್ಲ. ಮನೆಗೆ ಬಂದು ಹೇಳಿದಾಗ ಅವಳು ಮೊದಲು ಸಿಟ್ಟಾದಳು, ಆಮೇಲೆ ಸೀರೆಗಳ ಅಡಿಯಿಂದ ಲ್ಯಾಪ್‌ಟಾಪ್ ತೆಗೆದಳು.

ಕೆಲಸ ಎಂತದ್ದೆಂದು ನಾನು ಅಕ್ಕಿ ಆರಿಸುತ್ತಾ ಕೇಳಿದೆ.

"ಅತ್ತೆ, ಆ ಹಳೇ ಮಿಷನ್ ಒಬ್ಬೊಬ್ರಿಗೆ ಒಂದೊಂದ್ ಸಾಲ್ ಬರಿತ್ತ್. ಎಲ್ಲಾ ಸಾಲೂ ಒಂದೇ ಉದ್ದ. ಹೆಸ್ರಿಗೆ ಮೂವತ್ತ್ ಅಕ್ಷರದ ಜಾಗ, ಗೋತ್ರಕ್ಕೆ ಹದಿನೈದ್, ನಕ್ಷತ್ರಕ್ಕೆ ಹದಿನೈದ್, ಆಮೇಲೆ ರಾಶಿ, ಸೇವೆ, ಹಿಂಗೆ. ಹೆಸ್ರ್ ಸಣ್ಣದಾದ್ರೆ ಉಳಿದ ಜಾಗ ಖಾಲಿ ಬಿಡ್ತ್."

"ಅದನ್ನ ಹಂಗೇ ತೋರ್ಸುಕ್ ಆಗ್ದಾ?"

"ಆತಿಲ್ಲೆ. ಅದ್ ಬರೀ ಅಕ್ಷರದ್ ಸಾಲ್. ನಾನ್ ಅದನ್ನ ತುಂಡ್ ಮಾಡಿ, ಒಂದೊಂದ್ ಸಾಲಿಂದ ಒಂದೊಂದ್ ಆಬ್ಜೆಕ್ಟ್ ಮಾಡ್ಕ್. ಅಂದ್ರೆ ಒಂದ್ ಜನ ಎದ್ರಿಗೆ ನಿಂತಂಗೆ. ನಿನ್ನ ನಕ್ಷತ್ರ ಎಂತ ಅಂದ್ರೆ ನಕ್ಷತ್ರ ಹೇಳ್ಕ್, ರಾಶಿ ಕೇಂಡ್ರೆ ರಾಶಿ ಹೇಳ್ಕ್."

ಇದು ನನಗೆ ಚೆನ್ನಾಗಿ ಅರ್ಥವಾಯಿತು. ಭಟ್ರ ಎದುರು ನಾವು ನಿಲ್ಲುವುದೂ ಹಾಗೇ ಅಲ್ಲವೇ.

ಕೌಂಟರಿನವರು ಮಾದರಿಗೆಂದು ಒಂದು ದಿನದ ಸಾಲುಗಳನ್ನು ಕೊಟ್ಟರು. ಅವಳು ಮಗು ಮಲಗಿದಾಗಲೆಲ್ಲ ಕೂತು ಬರೆದಳು. ಮನೆಯಲ್ಲಿ ನೋಡಿದಾಗ ಎಲ್ಲ ಸರಿ. ಶುಕ್ರವಾರದ ಸಾಮೂಹಿಕ ಪೂಜೆಗೆ ಪರದೆ ಇಡುವುದು, ಗುರುವಾರ ಮಧ್ಯಾಹ್ನ ಒಮ್ಮೆ ಪರೀಕ್ಷೆ ಎಂದು ನಿಶ್ಚಯವಾಯಿತು.

ಗುರುವಾರ ಮಧ್ಯಾಹ್ನ ದೇವಸ್ಥಾನದಲ್ಲಿ ಜನ ಇರಲಿಲ್ಲ, ಅದೇ ಪುಣ್ಯ. ಮಾರನೇ ದಿನದ ಸೇವೆಯ ಸಾಲುಗಳನ್ನು ಹಾಕಿದಳು. ಭಟ್ರು ಕನ್ನಡಕ ಏರಿಸಿ ಓದಿದರು. ಮೊದಲ ನಾಲ್ಕು ಹೆಸರು ಸರಿಯಾಗಿ ಬಂತು. ಐದನೆಯದು ನನ್ನದೇ.

"ರೋಹಿಣಿ ಗೋತ್ರ," ಎಂದು ಓದಿ ಭಟ್ರು ನಿಂತರು. ನನ್ನ ಮುಖ ನೋಡಿದರು. ಮತ್ತೆ ಪರದೆ ನೋಡಿದರು. "ವೃಷಭ ನಕ್ಷತ್ರ. ಹೂವಿನ ಪೂಜೆ ರಾಶಿ."

ಕೌಂಟರಿನವರು ಬಾಯಿಗೆ ಶಾಲು ಅಡ್ಡ ಹಿಡಿದರು. ಮೊಕ್ತೇಸರರು ನಗಲಿಲ್ಲ. ಮುಂದಿನವು ಅರ್ಧಕ್ಕರ್ಧ ಹೀಗೇ.

"ಹ್ವಾಯ್ ಅಕ್ಕ, ಬೇಜಾರ್ ಮಾಡ್ಬೇಡಿ," ಎಂದರು ಮೊಕ್ತೇಸರರು ನನಗೆ. "ದೇವ್ರ್ ಎದ್ರಿಗೆ ತಮಾಷೆ ಆಪುಕಾಗ. ನಾಳೆ ಬೆಳಿಗ್ಗೆಗೆ ಸರಿ ಆಯ್ತೋ ಸೈ. ಇಲ್ದಿದ್ರೆ ಚೀಟಿಯೇ ಸಾಕ್. ಮಂಗ್ಳೂರಂಗೆ ಒಂದ್ ಕಂಪ್ನಿಯವ್ರ್ ಇತ್ರ್, ಅವ್ರಿಗೇ ಹೇಳ್ತೆ."

ಮನೆಯ ಅಂಗಳದಲ್ಲಿ ರಿಕ್ಷಾ ಇಳಿದ ಮೇಲೆ ಸೊಸೆ ಹೇಳಿದಳು: "ಅತ್ತೆ, ಇದ್ ಆಯ್ಲಿಲ್ಲೆ ಅಂದ್ರೆ ನಾನ್ ಇನ್ನ್ ಈ ಲ್ಯಾಪ್‌ಟಾಪ್ ತೆಗೂದಿಲ್ಲೆ. ನೀವೂ ಯಾರ ಹತ್ರವೂ ನಂಗೆ ಕೆಲ್ಸ ಕೇಣ್ಬೇಡಿ."

ಅವಳು ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವಳು ತಣ್ಣಗೆ ಹೇಳಿದಳು. ಮತ್ತೆ ಸೀರೆಗಳ ಅಡಿಗೆ ಹೋದರೆ ಅದು ಹೊರಗೆ ಬರುವುದಿಲ್ಲ ಎಂದು ನನಗೆ ಗೊತ್ತಾಯಿತು. ದೇವರ ಕೋಣೆಗೆ ಹೋಗಿ, ದೊಡ್ಡದೇನೂ ಬೇಡ, ಈ ಹುಡುಗಿಯ ತಲೆ ತಗ್ಗದ ಹಾಗೆ ಮಾಡು ಎಂದು ಕೈ ಮುಗಿದು ಬಂದೆ.

ಮಗುವಿನ ಅಜ್ಜನಿಗೆ, ನಮ್ಮ ಮನೆಯವರಿಗೆ, ವಿಷಯ ತಿಳಿಯಿತು. ಅವರದೂ ಒಂದು ಸಾಲು ಇತ್ತು, ಅದೂ ತಪ್ಪಿತ್ತು. "ಅಂತೂ ಈ ವಯಸ್ಸಂಗೆ ನಂಗೊಂದ್ ಗೋತ್ರ ಸಿಕ್ತಲ್ದಾ! ಅನುರಾಧ ಗೋತ್ರ. ಕೇಂಬುಕೂ ಚಂದ ಇತ್ತ್," ಎಂದರು.

"ನೀವೊಂದ್ ಸುಮ್ನೆ ಮಗು ಎತ್ಕಣಿ ಮಾರ್ರೆ," ಎಂದು ಮಗುವನ್ನು ಅವರ ಕೈಗೆ ಕೊಟ್ಟು ಹೊರಗೆ ಕಳಿಸಿದೆ.

ಸಂಜೆ ದೀಪ ಹಚ್ಚಿ ಬಂದಾಗ ಸೊಸೆ ಊಟದ ಮೇಜಿನ ಹತ್ತಿರ ಕೂತು ತಪ್ಪಿದ ಹೆಸರುಗಳನ್ನೆಲ್ಲ ಒಂದು ಕಡೆ ಮಾಡಿದ್ದಳು. "ಇವ್ರೆಲ್ಲ ಯಾರ್ ಅತ್ತೆ? ಹೆಸ್ರ್ ಉದ್ದ ಇಪ್ಪುದ್ ತಪ್ಪಿದ್ದಾ ಅಂತ ಕಂಡೆ, ಅಲ್ಲ. ಸಣ್ಣ ಹೆಸ್ರೂ ತಪ್ಪಿತ್ತ್."

ನಾನು ಪಕ್ಕದಲ್ಲಿ ಕೂತು ಒಂದೊಂದೇ ಹೇಳಿದೆ. ಇವಳು ನಮ್ಮ ಮನೆಗೆ ಮೀನು ತರುವವಳು. ಇವರು ಆಚೆ ಮನೆಯವರು. ಇವರ ಹೋಟೆಲು ಮುಂಬೈಯಲ್ಲಿ, ಪೂಜೆ ಮಾತ್ರ ಇಲ್ಲಿ. ಇದು ನಾನು, ಇದು ನಿನ್ನ ಮಾವ.

"ಸರಿ ಬಂದದ್ದ್ ಯಾರದ್ದ್?"

ಅದನ್ನೂ ತೋರಿಸಿದಳು. ಭಟ್ರ ಮನೆಯವರು, ಮಾಸ್ಟ್ರ ಮನೆಯವರು, ಬೈಂದೂರಿನ ಒಬ್ಬರು ಐತಾಳರು.

"ಇವ್ರಿಗೆಲ್ಲ ಗೋತ್ರ ಇತ್ತ್," ಎಂದೆ. "ಉಳಿದವ್ರ್ ನಮ್ಮಂಗೆ, ಹೇಳುದಿಲ್ಲೆ."

ಅವಳು ನನ್ನನ್ನೇ ನೋಡಿದಳು. "ಹೇಳ್ದಿದ್ರೆ ಕೌಂಟರಿನವ್ರ್ ಎಂತ ಬರಿತ್ರ್?"

"ಎಂತದೂ ಇಲ್ಲೆ. ಖಾಲಿ ಬಿಡ್ತ್ರ್."

ಹಣೆಗೆ ಹೊಡೆದುಕೊಂಡಳು. ಹೊಡೆದ ಸದ್ದಿಗೆ ಜಗಲಿಯಿಂದ ಮನೆಯವರು, "ಎಂತ ಆಯ್ತ್?" ಎಂದರು.

ಅವಳು ಜಾಗ ಅಳೆದು ತುಂಡು ಮಾಡಿರಲಿಲ್ಲ. ಎಲ್ಲಿ ಒಂದಕ್ಕಿಂತ ಹೆಚ್ಚು ಅಕ್ಷರದ ಜಾಗ ಖಾಲಿ ಕಂಡಿತೋ ಅಲ್ಲಿ ಒಂದು ಮಾತು ಮುಗಿಯಿತು, ಮುಂದೆ ಎಲ್ಲಿ ಅಕ್ಷರ ಸಿಕ್ಕಿತೋ ಅದು ಮುಂದಿನ ಮಾತು ಎಂದು ಬರೆದಿದ್ದಳು. ಮಾದರಿಗೆ ಕೊಟ್ಟ ಸಾಲುಗಳ ದಿನ ಭಟ್ರ ನೆಂಟರ ಪೂಜೆ, ಎಲ್ಲರಿಗೂ ಗೋತ್ರವಿತ್ತು, ಹಾಗಾಗಿ ಎಲ್ಲವೂ ಸರಿಯಾಗೇ ಬಂತು. ನಮ್ಮ ಸಾಲಿನಲ್ಲಿ ಗೋತ್ರದ ಜಾಗ ಪೂರ್ತಿ ಖಾಲಿ. ಅದನ್ನು ದಾಟಿ ರೋಹಿಣಿಯನ್ನು ಹಿಡಿದುಕೊಂಡು ಬಂದು ಗೋತ್ರದಲ್ಲಿ ಕೂರಿಸಿಬಿಟ್ಟಿತ್ತು. ಹಿಂದಿನವೆಲ್ಲ ಒಂದೊಂದು ಹೆಜ್ಜೆ ಮುಂದೆ ಬಂದವು.

"ಬ್ರಹ್ಮಾವರದ ನಮ್ಮನಿಯಂಗೂ ಗೋತ್ರ ಹೇಳುದಿಲ್ಲೆ ಅತ್ತೆ. ನಂಗೇ ಹೊಳಿಲಿಲ್ಲೆ ಕಾಣಿ!" ಎಂದಳು. ಆ ದಿನ ಮೊದಲ ಬಾರಿಗೆ ನಕ್ಕಳು.

ಆಮೇಲೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಷ್ಟನೇ ಅಕ್ಷರದಿಂದ ಎಷ್ಟನೆಯದರ ತನಕ ಯಾರ ಜಾಗ ಎಂದು ಅಳೆದೇ ತುಂಡು ಮಾಡಿದಳು. ಅಲ್ಲಿ ಏನೂ ಇಲ್ಲದಿದ್ದರೆ ಖಾಲಿ ಎಂದೇ ಇಟ್ಟುಕೊಳ್ಳಬೇಕು, ಪಕ್ಕದವರನ್ನು ಕರೆದು ಕೂರಿಸಬಾರದು. ನಾನು ಗಂಜಿಗೆ ಉಪ್ಪಿನಕಾಯಿ ಬಡಿಸುವಷ್ಟರಲ್ಲಿ ನನ್ನ ಹೆಸರು ಸರಿಯಾಗಿ ಬಂದಿತ್ತು. ರೋಹಿಣಿ ತನ್ನ ಜಾಗದಲ್ಲಿತ್ತು.

ಬೆಳಿಗ್ಗೆ ಬೇಗ ಹೋದೆವು. ಮೊಕ್ತೇಸರರು ಒಮ್ಮೆ ಎಲ್ಲವನ್ನೂ ನೋಡಿ, "ಸರಿ ಆಯ್ತ್. ಆದ್ರೆ ಈ ಖಾಲಿ ಚಂದ ಕಾಂತಿಲ್ಲೆ. ಎಲ್ಲರಿಗೂ ಕಾಶ್ಯಪ ಅಂತ ಹಾಕುಕ್ ಆತಿಲ್ಯಾ?" ಎಂದರು.

ಸೊಸೆ ಭಟ್ರ ಕಡೆ ನೋಡಿದಳು. ಭಟ್ರು ಹೂವಿನ ಬುಟ್ಟಿ ಇಡುತ್ತಾ ಹೇಳಿದರು: "ಅವರು ಹೇಳದ್ದನ್ನು ನಾವು ಎಂತಕ್ಕೆ ಸೇರಿಸುವುದು? ಖಾಲಿ ಇರಲಿ. ನನಗೆ ಅಭ್ಯಾಸ ಉಂಟು."

ಪೂಜೆ ಸುರುವಾಯಿತು. ನಾನು ಕಂಬದ ಪಕ್ಕ ನಿಂತಿದ್ದೆ, ಸೊಸೆ ನನ್ನ ಸೆರಗಿನ ತುದಿ ಹಿಡಿದಿದ್ದಳು, ತನಗೇ ಗೊತ್ತಿಲ್ಲದೆ. ಐದನೇ ಹೆಸರು ಬಂತು. ಭಟ್ರು ನನ್ನ ಹೆಸರು ಓದಿದರು. ಪರದೆಯಲ್ಲಿ ಗೋತ್ರದ ಮುಂದೆ ಏನೂ ಇರಲಿಲ್ಲ. ಅವರು ಒಂದು ಉಸಿರಿನಷ್ಟು ಹೊತ್ತು ನಿಂತರು, ತಲೆ ಆಡಿಸಿದರು, ರೋಹಿಣಿ ನಕ್ಷತ್ರ ಎಂದರು. ನನ್ನ ಸೆರಗು ಸಡಿಲವಾಯಿತು.

ಪ್ರಸಾದ ತೆಗೆದುಕೊಳ್ಳುವಾಗ ಮೊಕ್ತೇಸರರು ಹತ್ತಿರ ಬಂದರು. ಮಂಗಳೂರಿನ ಸುದ್ದಿ ಎತ್ತಲಿಲ್ಲ. "ಹರಕೆಯ ಯಕ್ಷಗಾನ ಬಯಲಾಟ ಬರೆಸಿದವ್ರ್ ಪಟ್ಟಿಯೂ ಆ ಹಳೇ ಮಿಷನ್ನಂಗೇ ಇತ್ತ್ ಮಗಾ. ಅದನ್ನೂ ನೀನೇ ಮಾಡಿ ಕೊಡ್."

"ಮಾಡ್ತೆ. ಆದ್ರೆ ಮುಂಚೆ ಎಲ್ಲಾ ನಮೂನೆಯವ್ರ್ ಸಾಲ್ ಕೊಡಿ. ಖಾಲಿ ಬಿಟ್ಟವ್ರದ್ದೂ ಸೇರ್ಸಿ," ಎಂದಳು ಸೊಸೆ.

ಮನೆಗೆ ಬಂದವಳು ಸೀರೆ ಬದಲಿಸಿ, ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೇ ಇಟ್ಟಳು. ಈಗ ಅದು ಅಲ್ಲೇ ಇರುತ್ತದೆ. ಬಡಿಸುವಾಗ ಅಡ್ಡವಾಗುತ್ತದೆ, ನಾನು ಆಚೆ ಸರಿಸಿ ಬಟ್ಟಲು ಇಡುತ್ತೇನೆ.