ಪೊರೆಗಣ್ಣಿನ ಬಣ್ಣ

ನ್ಯಾಮತಿಯ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ತೈಲಚಿತ್ರ ಬರೆಯುತ್ತೇನೆಂದು ಯಾರೋ ಹೇಳಿದ್ದರಿಂದ ಹೊನ್ನಾಳಿಯ ಕಲ್ಯಾಣ ಮಂಟಪದ ಮಾಲೀಕನೊಬ್ಬ ಮನೆಗೆ ಬಂದ. ಹೊಸದಾಗಿ ಕಟ್ಟಿಸುತ್ತಿದ್ದ ಮಂಟಪದಲ್ಲಿ, ಮನೆಯಲ್ಲೇ ಇರುವ ವಯಸ್ಸಾದ ತಾಯಿಯ ದೊಡ್ಡ ಚಿತ್ರ ಹಾಕಬೇಕಂತೆ. ಗೋಡೆಯ ಮೇಲಿದ್ದ ನನ್ನ ಚಿತ್ರಗಳನ್ನು ಸೀರೆ ಅಂಗಡಿಯಲ್ಲಿ ನೋಡುವಂತೆ ನೋಡಿದ.

"ಫೋಟೊ ಕೊಡ್ತೀನಿ, ವಾರದಾಗೆ ಮಾಡಿಕೊಡ್ರಿ."

"ಅಮ್ಮ ಮನೇಲೇ ಇದಾರಲ್ಲ, ಅವರನ್ನೇ ಕೂರಿಸ್ಕೊಂಡು ಬರೀತೀನಿ. ಎರಡು ತಿಂಗಳು ಬೇಕು."

"ಇಡೀ ಮಂಟಪಕ್ಕೆ ಪೇಂಟ್ ಹೊಡೆಯಾಕೆ ಹತ್ತೇ ದಿನ ಸಾಕಂತೆ ಕಣ್ರೀ" ಎಂದ. ಅವನಿಗೆ ಎರಡೂ ಒಂದೇ ಕೆಲಸ. ಮಂಟಪದ ಪ್ರಾರಂಭೋತ್ಸವ ಇನ್ನೂ ದೂರವಿತ್ತು, ಹಾಗಾಗಿ ಒಪ್ಪಿದ.

ಅಜ್ಜಿಗೆ ಎಂಬತ್ತೈದು ದಾಟಿತ್ತು. ಕಪ್ಪು ಮುಖ. ಎಡಗಣ್ಣು ಪೊರೆ ಬಂದು ಬೆಳ್ಳಗಾಗಿತ್ತು. ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಬಸ್ ಹಿಡಿದು ಹೋಗಿ, ಅವರನ್ನು ಹಿತ್ತಲ ಬಾಗಿಲ ಬೆಳಕಿಗೆ ಕೂರಿಸಿಕೊಳ್ಳುತ್ತಿದ್ದೆ. ಮೊದಲ ದಿನ ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ನೀರಾಗಿಸಿ ಬರೀ ನೆರಳುಗಳನ್ನು ಗುರುತು ಮಾಡಿಕೊಂಡೆ. ಅಜ್ಜಿ ಬಗ್ಗಿ ನೋಡಿದರು.

"ಮೇಷ್ಟ್ರೇ, ನನ್ನ ಕೆಸರಾಗೆ ಅದ್ದಿ ತೆಗ್ದಂಗೈತಲ್ಲ."

ಕೆಳಗಿನ ಪದರಕ್ಕೆ ಎಣ್ಣೆ ಕಮ್ಮಿ ಇರಬೇಕು, ಮೇಲೆ ಮೇಲೆ ಹೋದಂತೆ ಅಗಸೆ ಎಣ್ಣೆ ಹೆಚ್ಚಬೇಕು, ನಡುವೆ ಒಣಗಲು ಬಿಡಬೇಕು, ಅವಸರ ಮಾಡಿದರೆ ಮುಂದೆ ಬಿರುಕು ಬಿಡುತ್ತದೆ ಎಂದು ವಿವರಿಸಿದೆ.

"ಹ್ಞೂಂ, ಗೋಡೆಗೆ ಮಣ್ಣು ಮೆತ್ತಿದಂಗೆ. ಒಳಗಿಂದು ಹಸಿ ಇದ್ರೆ ಮೇಲಿಂದು ಬಾಯಿ ಬಿಡ್ತೈತೆ" ಎಂದರು. ಮಗನಿಗೆ ಕೊನೆಯವರೆಗೂ ತಲೆಗೆ ಹೋಗದ್ದು ಅಜ್ಜಿಗೆ ಒಂದು ನಿಮಿಷದಲ್ಲಿ ಹೋಗಿತ್ತು.

ಆ ಮುಖಕ್ಕೆ ನಾನು ಕಪ್ಪು ಟ್ಯೂಬನ್ನು ಮುಟ್ಟಲೇ ಇಲ್ಲ. ಕಂದಿಗೆ ನೀಲಿ ಬೆರೆಸಿದೆ, ಕೆನ್ನೆಯ ನೆರಳಿಗೆ ಚೂರು ಹಸಿರು. ಪೊರೆಗಣ್ಣಿಗೇ ಮೂರು ವಾರ ಹಿಡಿಯಿತು. ಬಿಳಿ ಹಾಕಿದರೆ ಗೋಲಿಯಂತಾಗುತ್ತಿತ್ತು; ಬಟ್ಟೆಯಲ್ಲಿ ಒರೆಸಿ ಮತ್ತೆ ಹಚ್ಚುತ್ತಿದ್ದೆ. ಬೂದಿಗೆ ಹಳದಿಯ ಸುಳಿವು ಸೇರಿದ ದಿನ ಆ ಕಣ್ಣು ಅಜ್ಜಿಯದಾಯಿತು.

ಮಗ ಬಂದು ನೋಡಿದ. "ಅವ್ವನ್ನ ಇಷ್ಟು ಕರ್ರಗೆ ಮಾಡೀರಲ್ರೀ. ಆ ಕಣ್ಣೊಂದು ಸರಿ ಮಾಡ್ರಿ."

"ಅವರ ಕಣ್ಣು ಇರೋದೇ ಹಾಗೆ."

"ಇರೋದು ನಮಗೂ ಗೊತ್ತೈತೆ. ಮದುವೆಗೆ ಬಂದೋರಿಗೆ ಯಾಕೆ ತೋರಿಸ್ಬೇಕು?"

ತಿದ್ದಲಿಲ್ಲ. ಚಿತ್ರವನ್ನು ಮನೆಗೆ ತಂದೆ. ಅವನು ಬೇರೊಬ್ಬ 'ಕಲಾವಿದ'ನನ್ನು ಹಿಡಿದ. ಈ ಮಹಾಶಯ ಅಜ್ಜಿಯ ಹಳೇ ಫೋಟೊವನ್ನು ಬೆಳ್ಳಗೆ ಮಾಡಿ, ಕ್ಯಾನ್ವಾಸಿನ ಮೇಲೆ ಪ್ರಿಂಟ್ ತೆಗೆಸಿ, ಬ್ರಷ್ಷಿನ ಗೀರು ಕಾಣಲಿ ಅಂತ ಮೇಲೊಂದು ಪಾರದರ್ಶಕ ಅಂಟು ಎಳೆದಿದ್ದ. ಬಣ್ಣ ಕಲಸಿದ ಕೈಯ ಉಗುರಲ್ಲಿ ಕಲೆ ಉಳಿಯುತ್ತದೆ; ಅವನ ಉಗುರು ಮದುಮಗನ ಉಗುರಿನಷ್ಟು ಚೊಕ್ಕಟ. ಪ್ರಾರಂಭೋತ್ಸವದಲ್ಲಿ ಅವನಿಗೆ ಶಾಲು ಹೊದಿಸಿದರು. ಅಂಟು ಬಳಿದವನಿಗಿಂತ ಅದರ ಮುಂದೆ ನಿಂತು "ಜೀವ ತುಂಬ್ಯಾರೆ" ಎಂದವರು ನನಗೆ ಕೀಳಾಗಿ ಕಂಡರು. ಕರೆದಿದ್ದರೆಂದು ಹೋಗಿ, ಚಪ್ಪಾಳೆಯನ್ನೂ ತಟ್ಟಿ, ಹೋಳಿಗೆ ಊಟ ಮಾಡಿ ಬಂದ ನಾನೇನೂ ಮೇಲಲ್ಲ.

ಅಜ್ಜಿಯನ್ನು ಕೈ ಹಿಡಿದು ಚಿತ್ರದ ಹತ್ತಿರ ಕರೆತಂದರು. ಒಳ್ಳೆಯ ಕಣ್ಣನ್ನು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಯಾರಪ್ಪಾ ಇವಳು?"

"ನೀನೇ ಕಣವ್ವ."

"ನಾನಾ? ಇರ್ಲಿ ಬಿಡು. ಮೇಷ್ಟ್ರು ಬರ್ದಿದ್ದು ಎಲ್ಲೈತೆ?"

ಸುತ್ತಲಿದ್ದವರು ನಕ್ಕರು. ಮಗ ನಗಲಿಲ್ಲ. ಮುಂದಿನ ವಾರ ಅಜ್ಜಿಯೇ ಹೇಳಿಕಳಿಸಿದರು. ನನ್ನ ಚಿತ್ರ ಅವರ ಕೋಣೆಯಲ್ಲಿ, ಮಂಚದ ಎದುರು ಗೋಡೆಗೆ ಹೋಯಿತು.

ತೈಲಚಿತ್ರ ಒಳಗಿನವರೆಗೂ ಒಣಗದೆ ವಾರ್ನಿಷ್ ಹಚ್ಚುವ ಹಾಗಿಲ್ಲ. ಆರು ತಿಂಗಳು ಬಿಟ್ಟು ಅದಕ್ಕೆಂದೇ ಹೋದೆ. ಅಜ್ಜಿ ಮಂಚದ ಮೇಲೆ ಕೂತು ನೋಡುತ್ತಿದ್ದರು. ಮಗ ಬಾಗಿಲಲ್ಲಿ ನಿಂತು, ಮಂಟಪಕ್ಕೆ ಇನ್ನೂ ಎರಡು ಚಿತ್ರ ಬೇಕಾಗಿವೆ ಎಂದು ಮಾತು ತೆಗೆದ.

"ಹಸಿ ವಾರ್ನಿಷ್ಷಿಗೆ ಧೂಳು ಕೂರುತ್ತೆ. ಬಾಗಿಲು ಹಾಕ್ಕೊಂಡು ಹೋಗ್ರಿ" ಎಂದೆ.

ಹಾಕಿಕೊಂಡು ಹೋದ.