ವೈರಿನ ಬಾಯಿ

ಹೋದ ಭಾನುವಾರ ಮೊಮ್ಮಗಳು ಜಗಲಿಯಲ್ಲಿ ಕೂತು ಒಂದು ವೈರಿಗೆ ಬೆಸುಗೆ ಹಾಕುತ್ತಿದ್ದಳು. ಕಾದ ಕಡ್ಡಿಯನ್ನು ಸಣ್ಣ ಡಬ್ಬಿಯಲ್ಲಿದ್ದ ಹಳದಿ ರಾಳಕ್ಕೆ ಮುಟ್ಟಿಸಿದಳು. ಬುಸ್ಸೆಂದು ಹೊಗೆ ಎದ್ದು ಅಡುಗೆಮನೆಯವರೆಗೆ ಬಂತು. ಬಂಗುಡೆ ಕೊಯ್ಯುತ್ತಿದ್ದ ನನ್ನ ಕೈ ನಿಂತಿತು. ದೋಣಿಯ ಹಲಗೆಗಳ ಸಂದಿಗೆ ತುಂಬಲು ರಾಳ ಕಾಸುವಾಗ ಬರುತ್ತಿದ್ದದ್ದು ಇದೇ ವಾಸನೆ. ಆದರೆ ನನಗೆ ದೋಣಿ ನೆನಪಾಗಲಿಲ್ಲ. ನಾದಿನಿ ನೆನಪಾದಳು.

ನಾದಿನಿ ಅಂದರೆ ನನ್ನ ಗಂಡನ ತಂಗಿ. ನಾನು ಮದುವೆಯಾಗಿ ಹೊನ್ನಾವರದ ಹೊಳೆಬಾಯಿಯ ಈ ಮನೆಗೆ ಬಂದಾಗ ಅವಳಿಗೆ ಹತ್ತು ವರ್ಷ. ಮನೆಯಲ್ಲಿ ಅತ್ತೆಯದೇ ಮಾತು. ಗಂಡ ದೋಣಿಗೆ ಹೋಗುತ್ತಿದ್ದರು. ಮೈದುನ ದುಬೈಯಲ್ಲಿದ್ದ. ನಾದಿನಿ ಹತ್ತನೆಯ ಇಯತ್ತೆ ಪಾಸಾದಳು. ನಮ್ಮ ಕೇರಿಯಲ್ಲಿ ಅಷ್ಟು ಓದಿದ ಹೆಣ್ಣು ಬೇರೆ ಇರಲಿಲ್ಲ. ನನ್ನದು ಮೂರನೆಯ ಇಯತ್ತೆಗೇ ಮುಗಿದಿತ್ತು. ಮೀನು ಒಣಗಿಸಲು ಆಳು ಬೇಕೆಂದು ಅಪ್ಪ ಬಿಡಿಸಿದ್ದ. ಬಿಡಿಸಿದ್ದು ಸರಿಯೋ ತಪ್ಪೋ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಅವಳಿಗೆ ಬಿಚ್ಚುವ ಹುಚ್ಚು. ಟಾರ್ಚು, ರೇಡಿಯೋ, ಅಲಾರಾಂ ಗಡಿಯಾರ... ಯಾವುದು ಸಿಕ್ಕರೂ ಬಿಚ್ಚಿ ಚಾಪೆಯ ಮೇಲೆ ಹರಡುತ್ತಿದ್ದಳು. ಬೆಸುಗೆಯ ಕಡ್ಡಿ ಎಲ್ಲಿಂದ ಬರಬೇಕು? ದೋಣಿಯ ದೊಡ್ಡ ಮೊಳೆಯೊಂದನ್ನು ಮರದ ಹಿಡಿಗೆ ಸಿಕ್ಕಿಸಿ ಒಲೆಯಲ್ಲಿ ಕೆಂಪಗೆ ಕಾಸುವಳು. ಹಳೆಯ ರೇಡಿಯೋದಿಂದ ಕೆರೆದು ತೆಗೆದ ಸೀಸ, ದೋಣಿಗೆಂದು ತಂದ ರಾಳದ ಒಂದು ಚೂರು. ಅಷ್ಟರಲ್ಲೇ ವೈರು ಕೂಡಿಸುವಳು. ನಾನು ಅನ್ನ ಬಸಿಯಲು ಬಂದರೆ ಒಲೆಯಲ್ಲಿ ಅವಳ ಮೊಳೆ. "ನಿನ್ನ ಮೊಳೆಯನ್ನೇ ಬಡಿಸ್ತೆ ಇವತ್ತು, ಉಣ್ಣು" ಎಂದು ಬೈಯುತ್ತಿದ್ದೆ. "ಉಪ್ಪು ಹಾಕು ಅತ್ತಿಗೆ, ಉಣ್ತೆ" ಅನ್ನುವಳು. ಕೇರಿಯ ರೇಡಿಯೋಗಳೆಲ್ಲ ನಮ್ಮ ಮನೆಗೆ ಬರತೊಡಗಿದವು. ಅವಳು ರೇಡಿಯೋ ಮುಂದೆ ಕೂತರೆ ಬಾವಿಯಿಂದ ನೀರು ಸೇದುವವಳು ನಾನು.

ಎಂಬತ್ತರ ದಶಕದ ನಡುವಿನ ಮಾತು. ಮೈದುನ ಅದಕ್ಕೂ ಮೊದಲಿನ ರಜೆಯಲ್ಲೇ ದುಬೈಯಿಂದ ಬಣ್ಣದ ಟೀವಿ, ವಿಡಿಯೋ ಎರಡನ್ನೂ ತಂದಿದ್ದ. ನಮ್ಮ ಕಡೆಗೆ ಟೀವಿಯ ಕಾರ್ಯಕ್ರಮ ಇನ್ನೂ ಬರುತ್ತಿರಲಿಲ್ಲ. ಕ್ಯಾಸೆಟ್ ಹಾಕಿದರೆ ಮಾತ್ರ ಟೀವಿಗೆ ಜೀವ. ಈ ಸಲ ಒಂದು ಕರಿ ಪೆಟ್ಟಿಗೆ ತಂದ. ಮೀನು ಕೊಯ್ಯುವ ಹಲಗೆಯಷ್ಟೂ ದೊಡ್ಡದಲ್ಲ. ಮೇಲೆಲ್ಲ ರಬ್ಬರಿನ ಗುಂಡಿಗಳು, ಗುಂಡಿಗೊಂದು ಇಂಗ್ಲಿಷ್ ಅಕ್ಷರ. ಅವನ ಕಂಪನಿಯಲ್ಲಿದ್ದ ಬಿಳಿಯನೊಬ್ಬ ಊರಿಗೆ ಹೋಗುವಾಗ ಬಿಟ್ಟುಹೋದದ್ದಂತೆ.

"ಕಂಪ್ಯೂಟರ್ ಇದು. ಟೀವಿಗೆ ಕಟ್ಟಿದ್ರೆ ನಾವು ಒತ್ತಿದ ಅಕ್ಷರ ಟೀವಿಯಾಗೆ ಬತ್ತದೆ" ಅಂದ.

ಕಟ್ಟಿದ. ಬರಲಿಲ್ಲ. ಟೀವಿಯ ತುಂಬ ಬಿಳಿ ಚುಕ್ಕೆ, ಅಕ್ಕಿ ಹುರಿದ ಹಾಗೆ ಸದ್ದು. ಎರಡು ದಿನ ತಿರುವಿದ, ತಟ್ಟಿದ. ಅತ್ತೆ ಬಾಗಿಲಲ್ಲಿ ನಿಂತು "ಆ ಬಿಳಿಯ ಸುಮ್ನೆ ಬಿಟ್ಟುಹೋದ್ನಾ? ಹಾಳಾಗಿದ್ದಕ್ಕೇ ನಿನ್ನ ತಲಿಗೆ ಕಟ್ಟಿಹೋದ" ಅಂದರು. ಮೈದುನನಿಗೆ ಅವಮಾನವಾಯಿತು. ಪೆಟ್ಟಿಗೆಯನ್ನು ತಂಗಿಯ ಮುಂದೆ ಇಟ್ಟ.

ಆಗಲೇ ಅವಳು ಬಾಯಿ ಬಿಟ್ಟು ಕೇಳಿದ್ದು. ಕುಮಟಾದಲ್ಲಿ ರೇಡಿಯೋ, ಟೀವಿ ರಿಪೇರಿ ಕಲಿಸುವ ಒಂದು ವರ್ಷದ ಕ್ಲಾಸಿತ್ತು. ಅಲ್ಲಿ ಅವರ ಚಿಕ್ಕಮ್ಮನ ಮನೆಯೂ ಇತ್ತು. "ಇದ್ರಾಗೆ ಅಕ್ಷರ ಬರಿಸಿದ್ರೆ ನನ್ನ ಕುಮಟಾಕ್ಕೆ ಕಳಿಸ್ತ್ಯಾ ಅಣ್ಣ?"

ಮೈದುನ ಅತ್ತೆಯ ಮುಖ ನೋಡಿದ. ಅತ್ತೆಯ ಕೈಯಲ್ಲಿ ಆಗಲೇ ಭಟ್ಕಳದ ಒಂದು ಸಂಬಂಧವಿತ್ತು. ದೋಣಿಯವರ ಮನೆ. ಅವರು ಎರಡು ಸಲ ಹೇಳಿ ಕಳಿಸಿದ್ದರು.

"ಆತು, ಬರಿಸ್ಲಿ" ಅಂದರು ಅತ್ತೆ. "ನಿನ್ನ ರಜೆ ಮುಗಿಯೂದ್ರೊಳಗೆ ನನ್ನ ಕಣ್ಣೆದುರಿಗೆ ಬರಿಸ್ಬೇಕು. ಬರ್ದೇ ಇದ್ರೆ ಭಟ್ಕಳದವ್ರಿಗೆ ಹೂಂ ಹೇಳೂದು. ಮತ್ತೆ ಅಳೂದು ಕರೆಯೂದು ಬ್ಯಾಡ."

"ಹೂಂ" ಅಂದಳು ಅವಳು.

ಎಂಟು ದಿನ ಕೂತಳು. ಟೀವಿಯ ಮುಚ್ಚಳದ ಹಿಂದೆ ಸ್ಟೇಷನ್ ಹಿಡಿಯುವ ಸಣ್ಣ ಹಲ್ಲಿನ ಚಕ್ರಗಳಿದ್ದವು. ಒಂದೊಂದನ್ನೂ ಉಗುರಿನಿಂದ ಕೂದಲೆಳೆಯಷ್ಟು ತಿರುಗಿಸಿ ನೋಡುವಳು. ವಿಡಿಯೋ ಚೆನ್ನಾಗಿ ಬರುತ್ತಿತ್ತು, ಹಾಗಾಗಿ ಟೀವಿಯಲ್ಲಿ ದೋಷವಿಲ್ಲ. ಪೆಟ್ಟಿಗೆ ಬೆಚ್ಚಗಾಗುತ್ತಿತ್ತು, ಹಾಗಾಗಿ ಅದಕ್ಕೂ ಜೀವ ಇದೆ. "ಎಲ್ಲ ಒಟ್ಟಿಗೆ ನೋಡ್ಲಾಗ ಅತ್ತಿಗೆ. ಒಂದೊಂದೇ ಬಿಡಿಸ್ಕಂಡು ನೋಡ್ಬೇಕು" ಎಂದು ನನಗೆ ಹೇಳುವಳು. ನನಗೆಂತ ಆಗಬೇಕಿತ್ತು? ಆಗ ನಾನು ಏಳು ತಿಂಗಳ ಬಸುರಿ. ಅಂಗಳದಲ್ಲಿ ಒಣಮೀನು ಮಗುಚುವವರಿರಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಅವಳು ಪೆಟ್ಟಿಗೆಗೆ ಸಿಕ್ಕಿಸಿದ ವೈರನ್ನು ಅಲ್ಲಾಡಿಸಿದಳು. ಟೀವಿಯಲ್ಲಿ ಒಂದು ಗಳಿಗೆ ಬೆಳ್ಳಗೆ ಮಿಂಚಿ ಹೋಯಿತು. ಅವಳು ವೈರು ಕಿತ್ತು ಅದರ ತುದಿ ಮೂಸಿದಳು. ಪೆಟ್ಟಿಗೆಯ ತೂತನ್ನು ಮೂಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅತ್ತಿಗೆ, ಇದಕ್ಕೆ ಮೀನೆಣ್ಣೆ ಹಚ್ಚಿದ್ಯಾ?"

ಹಚ್ಚಿದ್ದೆ. ನಮ್ಮ ಮನೆಯಲ್ಲಿ ಕಬ್ಬಿಣ, ಹಿತ್ತಾಳೆ ಯಾವುದು ಹೊಸತು ಬಂದರೂ ಮೊದಲು ಮೀನೆಣ್ಣೆ ಹಚ್ಚಬೇಕು. ಲಂಗರು, ಬೀಗ, ಇಂಜಿನಿನ ಬೋಲ್ಟು, ಎಲ್ಲಕ್ಕೂ. ಇಲ್ಲದಿದ್ದರೆ ಉಪ್ಪುಗಾಳಿ ವಾರದಲ್ಲಿ ತಿನ್ನುತ್ತದೆ. ಅದು ಸೊಸೆಯ ಕೆಲಸ. ಪೆಟ್ಟಿಗೆ ಬಂದ ದಿನವೇ ಅದರ ತೂತಿಗೂ ವೈರಿನ ತುದಿಗೂ ಬತ್ತಿಯಿಂದ ಎಣ್ಣೆ ಮುಟ್ಟಿಸಿದ್ದೆ. ಅದು ಒಣಗಿ ಅಂಟಾಗಿ ಕೂತಿತ್ತು. ವಿಡಿಯೋದ ವೈರು ಮೊದಲಿನಿಂದಲೂ ಸಿಕ್ಕಿಸಿಯೇ ಇದ್ದದ್ದರಿಂದ ನನ್ನ ಕೈಗೆ ಸಿಗದೆ ಉಳಿದಿತ್ತು.

ಬೈಯುತ್ತಾಳೆ ಅಂದುಕೊಂಡೆ. ಅವಳು ನಕ್ಕಳು. ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಕಂಪ್ಯೂಟರಿಗೆ ಮೀನೆಣ್ಣೆ! ಅಣ್ಣನ ತಲೆಗೂ ಒಂಚೂರು ಹಚ್ಚೂದಲ್ದಾ ಮಾರಾಯ್ತಿ!" ನಾನೂ ನಕ್ಕೆ. ನಾವಿಬ್ಬರೂ ಸೇರಿ ಹಾಗೆ ನಕ್ಕದ್ದು ಅದೇ ಕೊನೆ...

ದೀಪದ ಬತ್ತಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೂತು ಒರೆಸಿದಳು, ವೈರಿನ ತುದಿ ತಿಕ್ಕಿದಳು. ಮೊದಲು ಟೀವಿ ಹಾಕಿದಳು, ಆಮೇಲೆ ಪೆಟ್ಟಿಗೆ. ಚಕ್ರ ತಿರುಗಿಸಿದಳು. ಟೀವಿ ಒಮ್ಮೆಲೇ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಯಿತು. ಕೆಳಗೆ ಒಂದು ಸಾಲು ಕಪ್ಪು ಅಕ್ಷರ. ಅವಳು ಗುಂಡಿ ಒತ್ತುತ್ತ ಹೋದಳು, ಟೀವಿಯಲ್ಲಿ ಅಕ್ಷರ ಮೂಡುತ್ತ ಹೋಯಿತು.

"ಇದು ಎಂತ ಗೊತ್ತಾ ಅತ್ತಿಗೆ? ನಿನ್ನ ಹೆಸ್ರು."

ನನಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ. ನನ್ನ ಹೆಸರು ಅಷ್ಟು ದೊಡ್ಡದಾಗಿ ಎಲ್ಲಾದರೂ ಬರೆದದ್ದನ್ನು ಅಲ್ಲಿಯವರೆಗೆ ನೋಡಿರಲೂ ಇಲ್ಲ. ಆಮೇಲೂ ನೋಡಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಹೆಸರೂ ಹೋಯಿತು.

ಆ ಹೊತ್ತಿಗೆ ಮನೆಯಲ್ಲಿ ನಾವಿಬ್ಬರೇ. ಮೈದುನ ಟಿಕೇಟಿನ ಕೆಲಸಕ್ಕೆ ಭಟ್ಕಳಕ್ಕೆ ಹೋದವನು ಮರುದಿನ ಬರುವವನಿದ್ದ. ಅತ್ತೆ ಪೇಟೆಯಿಂದ ಬಂದಾಗಲೂ ಕರೆಂಟು ಬಂದಿರಲಿಲ್ಲ. ಅವರು ನನ್ನನ್ನು ಕೇಳಿದರು.

"ಅಕ್ಷರ ಬಂತು ಅಂತ ಕುಣೀತದೆ ಇದು. ನೀ ಕಂಡ್ಯನೇ?"

"ಎಂತದೋ ಗೆರೆ ಕಂಡಂಗಾತು" ಅಂದೆ.

ನಾದಿನಿ ನನ್ನನ್ನು ನೋಡಿದಳು. ಬಸುರಿ, ದಣಿದಿದ್ದಾಳೆ ಅಂದುಕೊಂಡಿರಬೇಕು. "ನಾಳಿಗೆ ಅಣ್ಣ ಬರ್ಲಿ, ತೋರಿಸ್ತೆ" ಅಂದಳು. ಖುಷಿಯಲ್ಲಿದ್ದಳು. ಟ್ರಂಕಿನಿಂದ ಎರಡು ಲಂಗ ತೆಗೆದು ಒಗೆದು ಹಾಕಿದಳು, ಕುಮಟಾಕ್ಕೆ ಒಯ್ಯಲಿಕ್ಕೆ. ಒಗೆದದ್ದನ್ನು ಹಿಂಡಿ ಹರವಿದವಳು ನಾನು.

ಹರವುವಾಗಲೇ ಲೆಕ್ಕ ಹಾಕಿದೆ. ಇವಳು ಹೋದರೆ ನೀರು, ಒಣಮೀನು, ಅತ್ತೆಯ ಸೊಂಟ ತಿಕ್ಕುವುದು, ಬಾಣಂತನ ಮುಗಿಯುವ ಮೊದಲೇ ಪೇಟೆಗೆ ಮೀನಿನ ಬುಟ್ಟಿ ಹೊರುವುದು... ಎಲ್ಲ ನನ್ನ ತಲೆಗೆ. ಮದುವೆಯಾಗಿ ಹೋದರೂ ಅಷ್ಟೇ ಅಲ್ಲವೇ ಎಂದು ನೀವು ಕೇಳಬಹುದು. ಮದುವೆ ಹೇಗೂ ನನ್ನ ಬಾಣಂತನ ಮುಗಿದ ಮೇಲೆಯೇ. ಕ್ಲಾಸು ಬರುವ ಸೋಮವಾರ. ಆದರೆ ಇದನ್ನೇ ಕಾರಣ ಅಂದರೆ ಸುಳ್ಳಾದೀತು. ನಿಜವಾದ ಕಾರಣ ಹೊಟ್ಟೆಕಿಚ್ಚು. ನನ್ನನ್ನು ಮೂರನೆಯ ಇಯತ್ತೆಗೇ ಶಾಲೆಯಿಂದ ಎಳೆದು ತಂದರು. ಇವಳನ್ನು ಕಳಿಸಲು ಒಬ್ಬ ಅಣ್ಣ ಬಸ್ಸು ಹತ್ತಿ ಬರುತ್ತಿದ್ದಾನೆ.

ಮರುದಿನ ಅಂಗಳದಲ್ಲಿ ಗಂಡ ದೋಣಿಗೆ ರಾಳ ಕಾಸುತ್ತಿದ್ದರು. ಎಣ್ಣೆಯಲ್ಲಿ ಕರಗಿದ ರಾಳ. ಹಾಕಿದಲ್ಲಿ ಕಲ್ಲಾಗುತ್ತದೆ, ನೀರನ್ನೂ ಬಿಡುವುದಿಲ್ಲ. ಅವಳು ಬಾವಿಕಟ್ಟೆಯಲ್ಲಿ ಮೀಯುತ್ತಿದ್ದಳು. ನಾನು ಒಂದು ಕಡ್ಡಿಯ ತುದಿಯಲ್ಲಿ ಅಷ್ಟು ರಾಳ ಎತ್ತಿಕೊಂಡು ಒಳಗೆ ಹೋಗಿ, ವೈರು ಕಿತ್ತು ಪೆಟ್ಟಿಗೆಯ ತೂತಿಗೆ ತೆಳ್ಳಗೆ ಬಳಿದು, ಆರಿದ ಮೇಲೆ ವೈರನ್ನು ಮೊದಲಿನಂತೆ ಸಿಕ್ಕಿಸಿದೆ. ಮೊದಲ ಸಲ ಎಣ್ಣೆ ಹಚ್ಚಿದ್ದು ತಿಳಿಯದೆ. ಇದು ತಿಳಿದೇ ಮಾಡಿದ್ದು.

ಸಂಜೆ ಮೈದುನ ಬಂದ. ಅತ್ತೆ ಮಣೆ ಹಾಕಿಕೊಂಡು ಟೀವಿಯ ಎದುರಿಗೆ ಕೂತರು. ಗಂಡ ಬಾಗಿಲಿಗೆ ಒರಗಿ ನಿಂತರು. ನಾದಿನಿ ಜಡೆಗೆ ಅಬ್ಬಲಿಗೆ ಮುಡಿದಿದ್ದಳು. ಮೊದಲು ಟೀವಿ ಹಾಕಿದಳು, ಆಮೇಲೆ ಪೆಟ್ಟಿಗೆ. ಅಕ್ಕಿ ಹುರಿದ ಸದ್ದು.

ಚಕ್ರ ತಿರುಗಿಸಿದಳು. ಮತ್ತೆ ತಿರುಗಿಸಿದಳು. "ನಿನ್ನೆ ಬಂದಿತ್ತು ಅಣ್ಣ. ಇದೇ ಜಾಗದಾಗೆ ಬಂದಿತ್ತು."

"ನಿನ್ನೆ ಬಂದದ್ದು ಇವತ್ತು ಎಲ್ಲಿಗೆ ಹೋತು? ಭಟ್ಕಳಕ್ಕಾ?" ಅಂದರು ಅತ್ತೆ. ಗಂಡ ನಕ್ಕರು.

ಅವಳು ವೈರು ಕಿತ್ತಳು. ಕಿರುಬೆರಳನ್ನು ಪೆಟ್ಟಿಗೆಯ ತೂತಿಗೆ ಒತ್ತಿ ಮೂಗಿನ ಹತ್ತಿರ ತಂದಳು. ರಾಳದ ವಾಸನೆ ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ತಲೆ ಎತ್ತಿ ನನ್ನ ಕಡೆ ನೋಡಿದಳು. ಆಮೇಲೆ ನನ್ನ ಹೊಟ್ಟೆಯ ಕಡೆ. ಆಮೇಲೆ ಬಾಗಿಲಲ್ಲಿದ್ದ ನನ್ನ ಗಂಡನ ಕಡೆ. ಹೊಡೆಯಲು ನನ್ನ ಗಂಡನ ಕೈ ಯಾವಾಗಲೂ ಮುಂದೆ. ಬಸುರಿ ಎಂದು ನೋಡುವ ಜನ ಅಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೊಳೆ ಕಾಸಿ ಕೆರೆದಿದ್ದರೆ ಅರ್ಧ ಗಂಟೆಯ ಕೆಲಸ. ಅವಳು ಕೆರೆಯಲಿಲ್ಲ.

"ಬರೂದಿಲ್ಲ ಅಣ್ಣ. ಹಾಳಾಗದೆ" ಅಂದಳು.

"ನಾ ಮೊದ್ಲೇ ಹೇಳ್ಲಿಲ್ಲನಾ?" ಎಂದು ಅತ್ತೆ ಮಣೆ ಎತ್ತಿಕೊಂಡು ಎದ್ದರು. ಮೈದುನ ವಿಡಿಯೋದಲ್ಲಿ ಒಂದು ಪಿಚ್ಚರ್ ಹಾಕಿದ. ಎಲ್ಲರೂ ಕೂತು ನೋಡಿದರು. ಅವಳು ಹೋಗಿ ಕೊಡಪಾನ ತಕ್ಕೊಂಡು ಬಾವಿಗೆ ಹೋದಳು.

ನನ್ನ ಬಾಣಂತನ ಮುಗಿಸಿಕೊಟ್ಟೇ ಮದುವೆಯಾಗಿ ಭಟ್ಕಳಕ್ಕೆ ಹೋದಳು. ಬಿಸಿನೀರು ಹೊಯ್ದದ್ದು, ಮಗುವಿಗೆ ಎಣ್ಣೆ ತಿಕ್ಕಿದ್ದು, ಎಲ್ಲ ಅವಳೇ. ಒಂದು ಮಾತು ಆಡಲಿಲ್ಲ. ಆಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ನನ್ನನ್ನು ಉಳಿಸಲು ಸುಮ್ಮನಾದಳೋ, ಇಂಥವರ ನಡುವೆ ಎಂತ ಹೇಳಿಯೂ ಪ್ರಯೋಜನವಿಲ್ಲ ಎಂದು ಕೈಬಿಟ್ಟಳೋ... ನಾನು ಕೇಳಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಒಮ್ಮೆ ತವರಿಗೆ ಬಂದಿದ್ದಳು. ನಮ್ಮ ರೇಡಿಯೋ ಕೆಟ್ಟು ಕೂತಿತ್ತು. ಅದನ್ನು ತಂದು ಅವಳ ಮುಂದಿಟ್ಟೆ. ಅದೇ ನನ್ನ ತಪ್ಪೊಪ್ಪಿಗೆ ಅಂದುಕೊಳ್ಳಿ, ಬೇರೆ ರೀತಿ ನನಗೆ ಬರುತ್ತಿರಲಿಲ್ಲ. ಅವಳು ಅದನ್ನು ಮುಟ್ಟಲಿಲ್ಲ. "ನಂಗೆ ಅದೆಲ್ಲ ಎಂತ ಗೊತ್ತು ಅತ್ತಿಗೆ? ಪೇಟೆಗೆ ಕೊಡು, ರಿಪೇರಿ ಮಾಡ್ತ್ರು" ಅಂದಳು. ಕೈ ನೋಡಿದೆ. ಬುಟ್ಟಿ ಹೊತ್ತ ಕೈ. ಬೆರಳಿನ ಮೇಲೆ ಇದ್ದ ಹಳೆಯ ಸುಟ್ಟ ಕಲೆಗಳೂ ಮಾಸಿದ್ದವು.

ಹೋದ ಮಳೆಗಾಲದಲ್ಲಿ ತೀರಿಕೊಂಡಳು. ನಾನು ಹೋಗಿ ಬಾಯಿಗೆ ನೀರು ಬಿಟ್ಟು ಬಂದೆ. ಆ ಕರಿ ಪೆಟ್ಟಿಗೆ ಯಾವ ಕಾಲದಲ್ಲೋ ಗುಜರಿಗೆ ಹೋಗಿದೆ. ತೂತಿನ ರಾಳ ಹಾಗೇ ಇದ್ದಿರಬೇಕು.

ಭಾನುವಾರ ಬೆಸುಗೆ ಮುಗಿಸಿದ ಮೊಮ್ಮಗಳು ಇಸ್ಪೀಟು ಎಲೆಯಷ್ಟು ಅಗಲದ ಒಂದು ಹಸಿರು ಹಲಗೆಯನ್ನು ಟೀವಿಗೆ ಕಟ್ಟಿದಳು. ಅದೂ ಕಂಪ್ಯೂಟರೇ ಅಂತೆ. ಟೀವಿ ಕರ್ರಗೆ ನಿಂತಿತು. ಸಿಗ್ನಲ್ ಇಲ್ಲ ಎಂದು ತೋರಿಸುತ್ತದೆ ಅಂದಳು. ಹಲಗೆಗೆ ಬೈದಳು, ಟೀವಿಗೆ ಬೈದಳು, ರಿಮೋಟ್ ಎಸೆದಳು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ.

"ಅದರ ಬಾಯಿ ನೋಡು" ಅಂದೆ.

"ಯಾರ ಬಾಯಿ ಅಜ್ಜಿ?"

"ವೈರಿಂದು. ಟೀವಿದೂ ನೋಡು. ಎಲ್ಲ ಒಟ್ಟಿಗೆ ಬೈಬ್ಯಾಡ, ಒಂದೊಂದೇ ಬಿಡಿಸ್ಕಂಡು ನೋಡು."

ಮೊಬೈಲಿನ ಬೆಳಕು ಬಿಟ್ಟು ಟೀವಿಯ ಹಿಂದೆ ಬಗ್ಗಿದಳು. "ಅಯ್ಯ, ಒಳಗೆ ಹಸ್ರುಗಟ್ಟದೆ!" ಉಪ್ಪುಗಾಳಿಯ ಕೆಲಸ. ಎಂತದೋ ದ್ರವದಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಳು, ಆರಲು ಬಿಟ್ಟಳು. ಮೊದಲು ಟೀವಿ ಹಾಕು ಅಂದೆ, ಆಮೇಲೆ ಹಲಗೆ. ಚಿತ್ರ ಬಂತು.

"ಅಜ್ಜಿ! ನಿಂಗೆ ಇದೆಲ್ಲ ಹ್ಯಾಂಗೆ ಗೊತ್ತು?"

"ಒಂದ್ಸಲ ಹಾಳು ಮಾಡಿದ್ದೆ. ಅದ್ಕೇ ಗೊತ್ತು."

"ಎಂತ, ವೈರಾ?" ಎಂದು ನಕ್ಕಳು.

ಹೂಂ ಅಂದೆ.